ಕೇಳಿದವರು ಯಾರು?



ಒಂದು ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾವು ಮೊದಲು ನೋಡುವುದು ಅದರ ಹೆಸರನ್ನು, ಆಮೇಲೆ ಬರೆದವರ ಹೆಸರನ್ನು. ನನ್ನಂಥ ಮೇಷ್ಟರಾದರೆ ಇವೆರಡಕ್ಕೂ ಮುಂಚೆ ಬೆಲೆಯನ್ನು. ಈ ಪುಸ್ತಕ ಹುಟ್ಟಿದ್ದು ಹೇಗೆ, ಇದನ್ನು ಬರೆಯಲೇಬೇಕೆಂದು ಇವರಿಗೆ ಏಕೆ ಅನ್ನಿಸಿತು ಎಂದು ವಿಚಾರಿಸುವವರು ಕಡಮೆ. ವಿಚಾರಿಸಿದರೂ ನಮ್ಮಲ್ಲಿ ಒಂದು ಸಿದ್ಧ ಉತ್ತರವುಂಟು: ಸ್ಫೂರ್ತಿ. ಆ ಮಾತು ಕಿವಿಗೆ ಬಿದ್ದೊಡನೆ ಆಕಾಶದ ಮಿಂಚು, ವೀಣಾಪಾಣಿಯಾದ ಶಾರದೆ, ನಿದ್ರೆಗೆಟ್ಟ ರಾತ್ರಿ, ಇವೆಲ್ಲ ಕಣ್ಣ ಮುಂದೆ ಬರುತ್ತವೆ. ಮೂವತ್ತು ವರ್ಷದಿಂದ ಪ್ರೌಢಶಾಲೆಯ ಮಕ್ಕಳಿಗೆ ಕವಿಪರಿಚಯವನ್ನು ಬರೆಸುತ್ತ ಬಂದವನು ನಾನು. "ಪ್ರಕೃತಿಯಿಂದ ಸ್ಫೂರ್ತಿ ಪಡೆದು ಈ ಕಾವ್ಯವನ್ನು ರಚಿಸಿದರು" ಎಂಬ ವಾಕ್ಯವನ್ನು ಎಷ್ಟು ಕವಿಗಳ ತಲೆಗೆ ಕಟ್ಟಿದ್ದೇನೋ ಲೆಕ್ಕವಿಲ್ಲ. ಈಚೆಗೆ ನಮ್ಮೂರಿನಲ್ಲಿ ನಡೆದ ಒಂದು ಸಣ್ಣ ಸಭೆಯಲ್ಲಿ ಕುಳಿತು ಎದ್ದ ಮೇಲೆ ಆ ವಾಕ್ಯವನ್ನು ಬರೆಸಲು ನನಗೆ ಬಾಯಿ ಬರುತ್ತಿಲ್ಲ. ಆ ಸಭೆಯ ವಿಷಯವನ್ನೇ ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಮ್ಮದು ಕಾವೇರಿ ನಾಲೆಯ ಸೀಮೆಯ ಒಂದು ತಾಲ್ಲೂಕು ಊರು. ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಸ್ಥಳೀಯ ಲೇಖಕರು ಮೂವರನ್ನು ಕರೆಸಿ, "ನಿಮ್ಮ ಪುಸ್ತಕ ಹುಟ್ಟಿದ ಬಗೆಯನ್ನು ನೀವೇ ಹೇಳಿ" ಎಂದು ಕೇಳಿಕೊಂಡರು. ಮೂವರೂ ದೊಡ್ಡ ಹೆಸರಿನವರಲ್ಲ. ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿ, ಐನೂರು ಪ್ರತಿಗಳಲ್ಲಿ ಮುನ್ನೂರನ್ನು ನೆಂಟರ ಮದುವೆ ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಕೊಟ್ಟು, ಉಳಿದದ್ದನ್ನು ಅಟ್ಟಕ್ಕೆ ಏರಿಸಿದವರು. ಸಭೆಗೆ ಬಂದವರು ಮೂವತ್ತು ಜನ. ಅಧ್ಯಕ್ಷತೆಗೆ ನನ್ನನ್ನು ಕೂರಿಸಿದರು. ಊರಿನ ಕನ್ನಡ ಪಂಡಿತನಿಗೆ ತಪ್ಪಿಸಿಕೊಳ್ಳಲಾಗದ ಕೆಲಸ ಅದು.

ಮೊದಲು ಎದ್ದವರು ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ತಾಲ್ಲೂಕಿನ ಕೆರೆಗಳ ಮೇಲೆ ಒಂದು ಪುಸ್ತಕ ಬರೆದಿದ್ದಾರೆ. "ನನಗೆ ಸ್ಫೂರ್ತಿ ಗೀರ್ತಿ ಏನೂ ಇಲ್ಲ ಸ್ವಾಮಿ. ಬೇಸಗೆ ರಜಕ್ಕೆ ಬಂದ ಮೊಮ್ಮಗ ಕೆರೆ ಏರಿಯ ಮೇಲೆ ನಡೆಯುತ್ತ, 'ತಾತ, ಇದನ್ನು ಯಾರು ಕಟ್ಟಿಸಿದ್ದು?' ಅಂದ. ಮೂವತ್ತೈದು ವರ್ಷ ಆ ಕೆರೆಯ ಕಡತ ನೋಡಿದ್ದೇನೆ, ತೂಬು ಎಷ್ಟು ಅಡಿ ಎಂಬುದು ಬಾಯಿಪಾಠ. ಕಟ್ಟಿಸಿದವರು ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಹುಡುಕಲು ಹೊರಟೆ" ಎಂದು ಕುಳಿತುಬಿಟ್ಟರು.

ಎರಡನೆಯವರು ಸರ್ಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಅರ್ಧ ಊರಿಗೆ ನರ್ಸಮ್ಮನೆಂದೇ ಪರಿಚಿತರು. ತಾವು ಮಾಡಿಸಿದ ಹೆರಿಗೆಗಳ ನೆನಪುಗಳನ್ನು ಬರೆದಿದ್ದಾರೆ. ಒಂದು ದಿನ ಬಸ್ ನಿಲ್ದಾಣದಲ್ಲಿ ಒಬ್ಬ ಯುವತಿ ಅವರ ಕೈ ಹಿಡಿದುಕೊಂಡು, "ನಾನು ಹುಟ್ಟಿದ ರಾತ್ರಿ ನೀವೇ ಇದ್ದಿರಂತೆ. ನನ್ನ ಅಮ್ಮ ನನ್ನ ಮುಖ ನೋಡಿದಳಾ?" ಎಂದು ಕೇಳಿದಳಂತೆ. ತಾಯಿ ಆ ರಾತ್ರಿಯೇ ತೀರಿಕೊಂಡಿದ್ದಳು. "ನೋಡಿದಳು ಕಣಮ್ಮ, ಎರಡು ಸಲ ಕೇಳಿ ಹತ್ತಿರ ತರಿಸಿಕೊಂಡು ನೋಡಿದಳು ಎಂದು ಹೇಳಿದೆ. ಮನೆಗೆ ಬಂದ ಮೇಲೆ ಯೋಚಿಸಿದೆ. ಇಂಥದ್ದು ನನಗೊಬ್ಬಳಿಗೇ ಗೊತ್ತಿರುವುದು ಇನ್ನೆಷ್ಟಿದೆಯೋ, ನಾನು ಹೋದರೆ ಇದನ್ನೆಲ್ಲ ಹೇಳುವವರು ಯಾರು ಎಂದು." ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಮೂರನೆಯವನು ನನ್ನ ಹಳೆಯ ವಿದ್ಯಾರ್ಥಿ. ಅವನು ಹೇಳಿದ್ದನ್ನು ಕೊನೆಗೆ ತಿಳಿಸುತ್ತೇನೆ. ಅದರಲ್ಲಿ ನನ್ನದೂ ಒಂದು ಪಾತ್ರವಿದೆ.

ಆ ರಾತ್ರಿ ಮನೆಗೆ ಬಂದು ಮಲಗಿದರೆ ನನ್ನ ತಲೆಯಲ್ಲಿ ಒಂದು ಧಾತು ಸುತ್ತತೊಡಗಿತು. ವ್ಯಾಕರಣ ಕಲಿತವನ ಕಷ್ಟ ಇದು. ಕನ್ನಡದಲ್ಲಿ 'ಕೇಳು' ಎಂಬ ಒಂದೇ ಮಾತಿಗೆ ಎರಡು ಅರ್ಥ: ಪ್ರಶ್ನೆ ಮಾಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಇಂಗ್ಲಿಷಿನವರು ಇವೆರಡಕ್ಕೆ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ, ಸಂಸ್ಕೃತದಲ್ಲಿಯೂ ಧಾತು ಬೇರೆ. ನಮ್ಮ ಹಿರಿಯರು ಮಾತ್ರ ಒಂದರಲ್ಲೇ ಎರಡನ್ನೂ ತುಂಬಿದರು. ಹಾಗೆ ನೋಡಿದರೆ ಅದು ನ್ಯಾಯವೇ. ಉತ್ತರವನ್ನು ಕೇಳಿಸಿಕೊಳ್ಳಲು ತಯಾರಿಲ್ಲದವನು ಹಾಕುವ ಪ್ರಶ್ನೆ ಪ್ರಶ್ನೆಯೇ ಅಲ್ಲ. ಮೊಮ್ಮಗನೂ ಆ ಯುವತಿಯೂ ಎರಡು ಅರ್ಥದಲ್ಲಿಯೂ ಕೇಳಿದವರು. ಪುಸ್ತಕದ ಬೇರು ಅಲ್ಲಿರಬಹುದೇ ಎಂದುಕೊಂಡು ನನ್ನ ಹಳೆಯ ಓದನ್ನೆಲ್ಲ ಒಮ್ಮೆ ತಿರುವಿ ಹಾಕಿದೆ.

ನಮ್ಮ ಹಳಗನ್ನಡ ಕವಿಗಳು ಈ ವಿಷಯದಲ್ಲಿ ಬಹು ಪ್ರಾಮಾಣಿಕರು. ಕಾವ್ಯದ ಪೀಠಿಕೆಯಲ್ಲಿಯೇ ತಾವು ಏಕೆ ಬರೆದೆವೆಂಬುದನ್ನು ಹೇಳಿಬಿಡುತ್ತಾರೆ. ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ಬರೆದ. ಭಾರತದ ಕಥೆ ಕೆಡದಂತೆ ಸಮಗ್ರವಾಗಿ ಹೇಳಿದವರು ಹಿಂದೆ ಇಲ್ಲ, ಅದು ನಿನಗೇ ಸಾಧ್ಯ ಎಂದು ಬಲ್ಲವರು ಒತ್ತಾಯ ಮಾಡಿದ್ದರಿಂದ ತೊಡಗಿದೆನೆಂದು ಅವನೇ ಹೇಳಿಕೊಳ್ಳುತ್ತಾನೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು 993ರಲ್ಲಿ 'ಅಜಿತಪುರಾಣ'ವನ್ನು ಬರೆದದ್ದು ದಾನಚಿಂತಾಮಣಿ ಅತ್ತಿಮಬ್ಬೆಗಾಗಿ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದ ಮಹಾತಾಯಿ ಆಕೆ. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ಕೈಯೆಂಬುದನ್ನು ನೀವೇ ಊಹಿಸಿ. ಇಂಥವಳೊಬ್ಬಳು ಕಿವಿಗೊಟ್ಟು ಕುಳಿತಿದ್ದಾಳೆಂದರೆ ಯಾವ ಕವಿ ತಾನೇ ಸುಮ್ಮನಿರುತ್ತಾನೆ?

ಕೆಣಕಿ ಕೇಳಿದವರೂ ಉಂಟು. ಹದಿಮೂರನೆಯ ಶತಮಾನದ ಆಂಡಯ್ಯನ 'ಕಬ್ಬಿಗರ ಕಾವ'ದ ಹುಟ್ಟು ಹಾಗೆ. ಸಂಸ್ಕೃತವನ್ನು ಬೆರೆಸದೆ ಕನ್ನಡದಲ್ಲಿ ಸೊಗಸಾದ ಕಾವ್ಯವನ್ನು ಹೇಳಲಾಗದು ಎಂಬ ಮಾತು ಆಗ ವಿದ್ವಾಂಸರಲ್ಲಿತ್ತು. ಆಗುತ್ತದೆಯೋ ಇಲ್ಲವೋ ನೋಡಿ ಎಂದು ತದ್ಭವ ದೇಶ್ಯಗಳಲ್ಲಿಯೇ ಒಂದು ಕಾವ್ಯವನ್ನು ಪೂರ್ತಿ ಕಟ್ಟಿ ಮುಗಿಸಿದ ಆಂಡಯ್ಯ. ಚುಚ್ಚಿದ ಮಾತೂ ಒಂದು ಬಗೆಯ ಪ್ರಶ್ನೆಯೇ.

ಇನ್ನು ನನ್ನ ವೃತ್ತಿಬಾಂಧವನೊಬ್ಬನ ವಿಷಯ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದರು. ಹಗಲು ಮಕ್ಕಳಿಗೆ ಕವಾಯತು, ರಾತ್ರಿ ಹಳಗನ್ನಡ ಗ್ರಂಥಗಳ ಸಹವಾಸ. ತಾವು ಬರೆದದ್ದನ್ನು ತಮ್ಮದೆಂದು ಹೇಳಿಕೊಳ್ಳಲು ಧೈರ್ಯವಿಲ್ಲದೆ, ಯಾವನೋ ಹಳೆಯ ಕವಿ ಮುದ್ದಣನ ಕೃತಿ ಸಿಕ್ಕಿತೆಂದು ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ಬಡತನದಲ್ಲಿ, ಕ್ಷಯರೋಗದಲ್ಲಿ, 1901ರಲ್ಲಿ ಮೂವತ್ತೊಂದರ ವಯಸ್ಸಿಗೆ ತೀರಿಕೊಂಡರು. ಮುದ್ದಣನೆಂದರೆ ಈ ವ್ಯಾಯಾಮದ ಮೇಷ್ಟರೇ ಎಂಬುದು ಲೋಕಕ್ಕೆ ತಿಳಿದದ್ದು ಆಮೇಲೆ. ಅವರ 'ರಾಮಾಶ್ವಮೇಧ'ದಲ್ಲಿ ನಮಗೆ ಇಂದಿಗೂ ಪ್ರಿಯವಾದದ್ದು ಯಾವುದು? ಕುದುರೆಯೂ ಅಲ್ಲ, ಯಾಗವೂ ಅಲ್ಲ. ಮಳೆಗಾಲದಲ್ಲಿ ಮನೆಯೊಳಗೆ ಕುಳಿತ ಮುದ್ದಣ ಮನೋರಮೆಯರ ಸಲ್ಲಾಪ. ಹೊತ್ತು ಹೋಗಲು ಒಂದು ಒಳ್ಳೆಯ ಕಥೆ ಹೇಳೆಂದು ಕೇಳುವವಳು ಅವಳು. ಪದ್ಯ ಬೇಡ, ತಿಳಿಯಾದ ಗದ್ಯದಲ್ಲಿ ಹೇಳೆಂದು ಹಟ ಮಾಡುವವಳು ಅವಳು. ಸಂಸ್ಕೃತದ ಮಳೆಗರೆದರೆ ತಡೆದು ಹಾಸ್ಯ ಮಾಡುವವಳೂ ಅವಳೇ. ಲೋಕದ ಮುಂದೆ ಹೆಸರನ್ನು ಮರೆಸಿಕೊಂಡ ಆ ಮೇಷ್ಟರು ಮನೆಯಲ್ಲಿ ಕೇಳುವವಳೊಬ್ಬಳನ್ನು ಕೃತಿಯ ಬಾಗಿಲಲ್ಲಿಯೇ ಕೂರಿಸಿದರು.

ನಮಗೆ ಸಮೀಪದ ಕಾಲಕ್ಕೆ ಬರೋಣ. ಕುವೆಂಪು ಅವರ ಮೊದಲ ಪುಸ್ತಕ ಇಂಗ್ಲಿಷಿನದು. 1922ರಲ್ಲಿ ಬಂದ 'ಬಿಗಿನರ್ಸ್ ಮ್ಯೂಸ್' ಎಂಬ ಕವನಗಳ ಕಿರುಹೊತ್ತಗೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ತರುಣ ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ಶಹಭಾಸ್ ಎನ್ನುತ್ತಾರೆಂದು ಕಾದಿದ್ದವರಿಗೆ ಸಿಕ್ಕಿದ್ದು ಬೇರೆಯೇ ಮಾತು: ನಿಮ್ಮ ಸ್ವಂತ ಭಾಷೆಯಲ್ಲಿ ಏನು ಬರೆದಿದ್ದೀರಿ? ಆ ಪ್ರಶ್ನೆ ಆಗ ಹಿತವಾಗಲಿಲ್ಲ. ಆದರೂ ಅದು ಮನಸ್ಸಿನಲ್ಲಿ ನಿಂತು ಕೆಲಸ ಮಾಡಿತು. ಕನ್ನಡವನ್ನು ಓದಲು ಬಾರದ ಪರದೇಶಿಯೊಬ್ಬನು ಕೇಳಿದ್ದರಿಂದ ಕನ್ನಡಕ್ಕೆ ಕುವೆಂಪು ದೊರೆತರು ಎಂದರೆ ಅದು ಪೂರ್ಣ ಸತ್ಯವಲ್ಲದಿದ್ದರೂ ಸುಳ್ಳಂತೂ ಅಲ್ಲ. ಮುಂದೆ 1949ರಲ್ಲಿ ಪ್ರಕಟವಾಗಿ, 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ತಂದ 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಅವರು ಅರ್ಪಿಸಿದ್ದು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು 1939ರಲ್ಲಿಯೇ ತೀರಿಕೊಂಡಿದ್ದರು. ಮುಗಿದ ಕಾವ್ಯವನ್ನು ಕೇಳಲು ಅವರಿರಲಿಲ್ಲ. ಕೇಳಬೇಕಾದವರು ಇಲ್ಲವಾದ ಮೇಲೆ ಕೃತಿಯನ್ನು ಅವರ ಪಾದಕ್ಕಿಟ್ಟು ಕೈಮುಗಿಯುವುದಷ್ಟೇ ಉಳಿಯುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಯಾರೂ ಬಾಯಿಬಿಟ್ಟು ಕೇಳದೆಯೂ ಪ್ರಶ್ನೆ ಹುಟ್ಟಬಹುದು. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ತಮ್ಮ ಅಧ್ಯಾಪಕರಾದ ಮ್ಯಾಲ್ಕಂ ಬ್ರ್ಯಾಡ್‌ಬರಿಯವರ ಜೊತೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಎಂಬ ಸ್ವೀಡಿಷ್ ಚಿತ್ರವನ್ನು ನೋಡಿದರು. ಪ್ಲೇಗು ಹರಡಿದ ಮಧ್ಯಯುಗದ ಯೂರೋಪಿನ ಕಥೆ ಅದು. ತೆರೆಯ ಮೇಲೆ ಇಂಗ್ಲಿಷ್ ಅಡಿಬರಹವೂ ಇರಲಿಲ್ಲವಂತೆ. ಭಾಷೆ ತಿಳಿಯದ ಆ ಚಿತ್ರ ಅವರನ್ನು ತೀರ್ಥಹಳ್ಳಿ ಸೀಮೆಯ ಅಗ್ರಹಾರಕ್ಕೆ, ಬಾಲ್ಯದಲ್ಲಿ ಕಂಡು ಕೇಳಿದ ಪ್ಲೇಗಿನ ನೆನಪಿಗೆ ಕರೆದೊಯ್ದಿತು. ಯೂರೋಪಿನವರು ಪುಸ್ತಕಗಳಿಂದ ತಿಳಿಯಬೇಕಾದ ಆ ಹಳೆಯ ಕಾಲ ನಮಗೆ ಕಣ್ಣೆದುರಿಗೇ ಇದೆಯಲ್ಲ ಎಂಬ ಮಾತು ಅವರಿಬ್ಬರ ನಡುವೆ ಬಂತು. 1965ರಲ್ಲಿ 'ಸಂಸ್ಕಾರ' ಹೊರಬಂತು.

ಎಸ್. ಎಲ್. ಭೈರಪ್ಪನವರು 'ನಾನೇಕೆ ಬರೆಯುತ್ತೇನೆ?' ಎಂಬ ಪುಸ್ತಕವನ್ನೇ ಬರೆದು ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡರು. 1979ರ 'ಪರ್ವ'ದ ಬೀಜಗಳಲ್ಲಿ ಒಂದು, ಮಹಾಭಾರತದ ಪಾತ್ರಗಳನ್ನು ಕುರಿತು ವೈದ್ಯ ಮಿತ್ರರೊಬ್ಬರೊಡನೆ ನಡೆದ ಮಾತುಕತೆ. ಇನ್ನೊಂದು, ಹಿಮಾಲಯದ ತಪ್ಪಲಲ್ಲಿ ತಿರುಗುವಾಗ, ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಇನ್ನೂ ಉಳಿದಿದ್ದ ಹಳ್ಳಿಯನ್ನು ಕಂಡದ್ದು. ದ್ರೌಪದಿ ಪುರಾಣದಿಂದ ಇಳಿದು ಒಲೆಯ ಮುಂದೆ ಕುಳಿತಂತಾಯಿತು. ಇಲ್ಲಿಯೂ ಒಂದು ಮಾತುಕತೆ, ಒಬ್ಬ ಗೆಳೆಯ, ಒಂದು ಪ್ರಯಾಣ, ಸಾಧಾರಣ ಸಂಗತಿಗಳು. ಅಸಾಧಾರಣವಾದದ್ದು ಅವನ್ನು ವರ್ಷಗಟ್ಟಲೆ ಬಿಡದೆ ಹಿಡಿದುಕೊಂಡದ್ದು. 2025ರಲ್ಲಿ ತೀರಿಕೊಳ್ಳುವವರೆಗೂ ಅವರ ಓದುಗರು ಅವರಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ, ಮುಂದಿನದು ಯಾವುದು ಎಂದು.

ಇಷ್ಟು ಹೇಳಿದ ಮೇಲೆ ನನ್ನ ಮೂರನೆಯ ಲೇಖಕನ ಮಾತಿಗೆ ಬರಬೇಕು. ಇಷ್ಟು ಹೊತ್ತು ಅದನ್ನು ಮುಂದಕ್ಕೆ ತಳ್ಳಿದ್ದು ಕ್ರಮಕ್ಕಾಗಿ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ದೊಡ್ಡತನ.

ಅವನೀಗ ಪ್ರಾಥಮಿಕ ಶಾಲೆಯ ಮೇಷ್ಟರು. ಅವನ ಪುಸ್ತಕ ಅವನ ಅಜ್ಜಿ ಹೇಳುತ್ತಿದ್ದ ಪದಗಳ ಸಂಗ್ರಹ: ರಾಗಿ ಬೀಸುವ ಪದ, ನಾಟಿ ಪದ, ಸೋಬಾನೆ. ಅವನು ಎದ್ದು ನಿಂತು, ಎಂದಿನಂತೆ ನನ್ನ ಕಡೆ ಒಮ್ಮೆ ನೋಡಿ ನಮಸ್ಕಾರ ಮಾಡಿ, ಹೀಗೆ ಹೇಳಿದ:

"ಒಂಬತ್ತನೇ ತರಗತಿಯಲ್ಲಿದ್ದಾಗ ಅಜ್ಜಿ ಬೀಸುವಾಗ ಹೇಳುತ್ತಿದ್ದ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಜ್ಜಿಗೆ ಓದು ಬರಹ ಇಲ್ಲ. ದಿನಾ ರಾತ್ರಿ 'ಎಷ್ಟು ಬರ್ಕೊಂಡಿದ್ದೀಯ ಓದು ಮಗ, ಕೇಳಾವ' ಅನ್ನೋಳು. ತನ್ನ ಪದ ಪುಸ್ತಕದಿಂದ ಬರುವುದನ್ನು ಕೇಳುವುದೆಂದರೆ ಅವಳಿಗೆ ಬಲು ಸಂತೋಷ. ಒಂದು ದಿನ ಆ ನೋಟ್‌ಬುಕ್ಕನ್ನು ನಮ್ಮ ಕನ್ನಡ ಮೇಷ್ಟರಿಗೆ ತೋರಿಸಿದೆ. ಅವರು ಎರಡು ದಿನ ಇಟ್ಟುಕೊಂಡು, ಬಹಳ ಶ್ರಮಪಟ್ಟು, ತಪ್ಪುಗಳನ್ನೆಲ್ಲ ಕೆಂಪು ಮಸಿಯಲ್ಲಿ ತಿದ್ದಿಕೊಟ್ಟರು. ರಾತ್ರಿ ತಿದ್ದಿದ ಪ್ರಕಾರ ಓದಿದೆ. ಅಜ್ಜಿ ಪೂರ್ತಿ ಕೇಳಿದಳು. 'ಚಂದಾಗದೆ ಕನ ಮಗ. ಆದ್ರೆ ಇದು ನನ್ನ ಪದ ಅಲ್ಲ ಬುಡು' ಅಂದಳು. ಅದಾದ ಮೇಲೆ ಓದು ಅಂತ ಕೇಳಲಿಲ್ಲ. ನಾನೂ ಬರೆಯಲಿಲ್ಲ. ಹನ್ನೊಂದು ವರ್ಷ ಕಳೆದು, ನನಗೆ ನೌಕರಿಯಾಗಿ, ಮತ್ತೆ ಬರೆಯಬೇಕೆಂದು ಕೂತಾಗ ಅಜ್ಜಿ ಇರಲಿಲ್ಲ. ಅವಳಿಗೆ ನೂರಕ್ಕೆ ಮೇಲೆ ಪದ ಬರುತ್ತಿದ್ದವು. ಈ ಪುಸ್ತಕದಲ್ಲಿ ಇಪ್ಪತ್ಮೂರು ಇವೆ. ಕೆಂಪು ಮಸಿಯ ಕೆಳಗಿದ್ದದ್ದನ್ನು ಕಣ್ಣಿಟ್ಟು ನೋಡಿ ಮತ್ತೆ ಬಿಡಿಸಿಕೊಂಡದ್ದು ಅವು."

ಅವನು ಮೇಷ್ಟರ ಹೆಸರನ್ನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಊರಿನಲ್ಲಿ ಕೆಂಪು ಮಸಿಯ ಪೆನ್ನು ಯಾರ ಜೇಬಿನಲ್ಲಿರುತ್ತದೆಂದು ಎಲ್ಲರಿಗೂ ಗೊತ್ತು.

ಆ ಎರಡು ದಿನ ನನಗೆ ಚೆನ್ನಾಗಿ ನೆನಪಿದೆ. ಹುಡುಗ ಆಸಕ್ತನಾಗಿದ್ದಾನೆ, ಉಪಕಾರ ಮಾಡೋಣ ಎಂದೇ ಕುಳಿತಿದ್ದೆ. 'ಯೋಳು' ಎಂದಿದ್ದಲ್ಲಿ 'ಹೇಳು' ಮಾಡಿದೆ, 'ಬಂದಾನೆ' ಎಂದಿದ್ದಲ್ಲಿ 'ಬಂದಿದ್ದಾನೆ' ಮಾಡಿದೆ, ಮಾತ್ರೆ ಕೂಡದಲ್ಲಿ ಒಂದೆರಡು ತತ್ಸಮಗಳನ್ನೂ ಸೇರಿಸಿದೆ. ದುರುದ್ದೇಶ ಎಳ್ಳಷ್ಟೂ ಇರಲಿಲ್ಲ. ಒಳ್ಳೆಯ ಕನ್ನಡವೆಂದರೆ ಯಾವುದೆಂಬ ಖಚಿತ ನಂಬಿಕೆ ಮಾತ್ರ ಇತ್ತು. ವಿಚಿತ್ರವೆಂದರೆ ಅದೇ ವರ್ಷ ತರಗತಿಯಲ್ಲಿ ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಕೃತಿಯನ್ನು ಹೊಗಳಿ ಪಾಠ ಹೇಳಿದ್ದೆ. ಹಳಗನ್ನಡ, ಪಾಲಿಗಳಲ್ಲಿ ಪಂಡಿತರಾದ ರಾಜರತ್ನಂ, ಹೆಂಡದಂಗಡಿಯ ಮಾತಿನಲ್ಲಿ ಕವಿತೆ ಬರೆದದ್ದು ಎಂಥ ಸಾಹಸವೆಂದು ಬಣ್ಣಿಸಿದ್ದೆ. ನಂಜನಗೂಡು ಸೀಮೆಯ ಆಡುಮಾತಿನಲ್ಲಿಯೇ ದೇವನೂರ ಮಹಾದೇವರು ಹೊರತಂದ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದೂ ನನಗೆ ಗೊತ್ತಿತ್ತು. ತಾಯಿ ಅಂಬಿಕೆಯ ಹೆಸರನ್ನೇ ಕಾವ್ಯನಾಮದಲ್ಲಿ ಇಟ್ಟುಕೊಂಡು, ಧಾರವಾಡದ ಮನೆಮಾತನ್ನು ಕಾವ್ಯದ ಎತ್ತರಕ್ಕೆ ಒಯ್ದ ಬೇಂದ್ರೆಯವರನ್ನು ಕುರಿತು ಭಾಷಣ ಮಾಡಿದವನೂ ನಾನೇ. ಅಚ್ಚಾಗಿ, ಪ್ರಶಸ್ತಿ ಪಡೆದು ಬಂದ ಆಡುಮಾತಿಗೆ ಕೈಮುಗಿದೆ. ಅದೇ ಆಡುಮಾತು ಹರಿದ ನೋಟ್‌ಬುಕ್ಕಿನಲ್ಲಿ ನನ್ನ ಮೇಜಿಗೆ ಬಂದಾಗ ಗುರುತು ಹಿಡಿಯಲಿಲ್ಲ.

ಸಭೆ ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು, "ತಪ್ಪಾಯಿತಪ್ಪ" ಎಂದೆ. ಅವನು, "ಬಿಡಿ ಸಾರ್, ನೀವು ಓದಿದ್ದಿರಲ್ಲ, ಬೇರೆ ಯಾರೂ ಓದಿರಲಿಲ್ಲ" ಎಂದ. ಸಮಾಧಾನಕ್ಕೆ ಹೇಳಿದ ಮಾತು ಅದು. ಆದರೂ ಅದರಲ್ಲೇ ನನಗೆ ಪಾಠವಿತ್ತು. ನಾನು ಓದಿದ್ದೆ, ಕೇಳಿರಲಿಲ್ಲ. "ಅಜ್ಜಿ ಇದನ್ನು ಯಾವ ರಾಗದಲ್ಲಿ ಹೇಳುತ್ತಾಳೆ? ಯಾರಿಂದ ಕಲಿತಳು? ಇನ್ನೆಷ್ಟಿವೆ?" ಎಂಬ ಮೂರು ಮಾತನ್ನು ಆ ಹುಡುಗನಿಗೆ ಕೇಳಿದ್ದರೆ ಸಾಕಾಗಿತ್ತು. ಅವನ ಮನೆ ನನ್ನ ಮನೆಯಿಂದ ಮೂರು ಮೈಲಿ. ನಾನೇ ಹೋಗಿ ಜಗಲಿಯ ಮೇಲೆ ಕುಳಿತು ಕೇಳಬಹುದಾಗಿತ್ತು. ಉಳಿದ ಎಂಬತ್ತು ಪದಗಳು ಆ ಮುದುಕಿಯ ಜೊತೆ ಹೋದವು. ಅವುಗಳಲ್ಲಿ ಏನಿತ್ತೆಂಬುದನ್ನು ಇನ್ನು ಯಾವ ಪಂಡಿತನೂ ಹೇಳಲಾರ.

ಕೇಳುಗರೇ, ಈ ಮಾತನ್ನು ನಿಮ್ಮ ಮನೆಯ ಕೋಣೆಯಲ್ಲಿ ಕುಳಿತು ಕೇಳುತ್ತಿದ್ದೀರಿ. ಪಕ್ಕದಲ್ಲಿಯೇ ಬಹುಶಃ ವಯಸ್ಸಾದವರೊಬ್ಬರು ಇದ್ದಾರೆ. ಬರೆಯುವ ಹವ್ಯಾಸವಿರುವ ಮಗನೋ ಮಗಳೋ ಇರಬಹುದು. ಊರಿನಲ್ಲಿ ಯಾರೋ ಒಬ್ಬರು ಸ್ವಂತ ಹಣದಲ್ಲಿ ಪುಸ್ತಕ ಮಾಡಿ ಅಟ್ಟದ ಮೇಲೆ ಇಟ್ಟುಕೊಂಡಿದ್ದಾರೆ. ಅವರ ಪುಸ್ತಕವನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ, ಕೊಂಡರೆ ಸಂತೋಷ. ಸಿಕ್ಕಾಗ, "ಇದನ್ನು ಬರೆಯಬೇಕೆಂದು ನಿಮಗೆ ಹೇಗೆ ಅನ್ನಿಸಿತು?" ಎಂದು ಒಂದು ಮಾತು ಕೇಳಿ, ಕೇಳಿದ ಮೇಲೆ ಗಡಿಯಾರ ನೋಡದೆ ಕುಳಿತುಕೊಳ್ಳಿ. ಮನೆಯ ಹಿರಿಯರನ್ನೂ ಹಾಗೆಯೇ ಕೇಳಿ. ಈಗ ಅವರ ದನಿಯನ್ನು ಹಿಡಿದಿಡುವ ಯಂತ್ರ ಎಲ್ಲರ ಜೇಬಿನಲ್ಲೂ ಇದೆ, ಲೇಖನಿಯೂ ಬೇಡ. ಅವರು ಹೇಳಿದ ಹಾಗೆಯೇ ಇರಲಿ. ತಿದ್ದುವುದಕ್ಕೆ ನಮ್ಮಂಥ ಮೇಷ್ಟರು ಯಾವಾಗಲೂ ಇದ್ದೇ ಇರುತ್ತೇವೆ.

ನಾನೂ ಒಂದು ಕೆಲಸ ಮಾಡಿದ್ದೇನೆ. ಈ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಗೆ, ಮನೆಯಲ್ಲಿ ಹಿರಿಯರೊಬ್ಬರನ್ನು ಒಂದು ಪ್ರಶ್ನೆ ಕೇಳಿ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದು ತನ್ನಿ ಎಂದು ಹೇಳಿದೆ. ನಲವತ್ತೊಂದು ನೋಟ್‌ಬುಕ್ಕುಗಳು ಬಂದಿವೆ. ರಾತ್ರಿ ಅವನ್ನು ಓದುತ್ತಿದ್ದೇನೆ. ಕೆಂಪು ಮಸಿಯ ಪೆನ್ನು ಶಾಲೆಯ ಬೀರುವಿನಲ್ಲಿದೆ.